ಪ್ರತಿಕ್ರಿಯೆ: ರಾಕ್‌ವೆಲ್ ಫಾಂಟಿನಲ್ಲಿ ಹಾಕಿದ ಪುಟ ಯಾಕೆ ಕಪ್ಪಗೆ ಕಾಣುತ್ತದೆ?

ನಿಮ್ಮ ಇಂಗ್ಲಿಷ್ ಕೈಪಿಡಿಯ ಪುಟಗಳು ಕಪ್ಪಗೆ, ಓದಲು ಸುಸ್ತಾಗುವಂತೆ ಕಾಣಲು ಕಾರಣ ಬಹುಶಃ ಪ್ರಿಂಟರ್ ಅಲ್ಲ, ರಾಕ್‌ವೆಲ್ ಫಾಂಟೇ. ಅದರಲ್ಲಿ ಅಕ್ಷರದ ಗೆರೆಯೂ ತುದಿಯ ಪಟ್ಟಿಯೂ ಹೆಚ್ಚುಕಡಿಮೆ ಒಂದೇ ದಪ್ಪ. ಪುಸ್ತಕಗಳಲ್ಲಿ ಬಳಸುವ ಫಾಂಟುಗಳಲ್ಲಿ ಗೆರೆ ಒಂದು ಕಡೆ ದಪ್ಪವಾಗಿ ಇನ್ನೊಂದು ಕಡೆ ಸಣ್ಣಗಾಗುತ್ತದೆ, ಕಣ್ಣಿಗೆ ಬಿಡುವು ಸಿಗುತ್ತದೆ. ಇಲ್ಲಿ ಆ ಬಿಡುವೇ ಇಲ್ಲ. ಹೀಗೆ ಅಕ್ಷರದ ತುದಿಯಲ್ಲಿ ದಪ್ಪ ಪಟ್ಟಿ ಇರುವ ಫಾಂಟುಗಳು, ಅಂದರೆ ಸ್ಲ್ಯಾಬ್ ಸೆರಿಫ್‌ಗಳು, ಬೆಳೆದದ್ದೇ 19ನೇ ಶತಮಾನದ ಪೋಸ್ಟರ್, ಜಾಹೀರಾತುಗಳಲ್ಲಿ. ದೂರದಿಂದ ಕಣ್ಣಿಗೆ ಬೀಳುವುದೇ ಅವುಗಳ ಕೆಲಸ ಅಲ್ವಾ?

ಮೊದಲು ರಾಕ್‌ವೆಲ್ ಅನ್ನು ತಲೆಬರಹಗಳಿಗೆ ಮಾತ್ರ ಉಳಿಸಿಕೊಳ್ಳಿ. ದಯವಿಟ್ಟು ಪೂರ್ತಿ ತೆಗೆಯಬೇಡಿ. ದೊಡ್ಡ ಅಳತೆಯಲ್ಲಿ ಆ ದುಂಡನೆಯ 'ಓ', ಆ ಗಟ್ಟಿ ನಿಲುವು ತುಂಬಾ ಚೆನ್ನ.

ಆಮೇಲೆ ಒಳಗಿನ ಬರಹಕ್ಕೆ ಬೇರೆ ಫಾಂಟ್ ಹಾಕಿ. ಸ್ಲ್ಯಾಬ್ ಗುಣವೇ ಬೇಕೆಂದರೆ ಉಚಿತವಾಗಿ ಸಿಗುವ 'ಬಿಟ್ಟರ್' ನೋಡಿ, ಅದನ್ನು ಆರಾಮವಾದ ಓದಿಗೆಂದೇ ಮಾಡಿದ್ದಾರೆ. ಅಳತೆ 10 ಪಾಯಿಂಟ್ ಇದ್ದರೆ ಸಾಲಿನ ಅಂತರ 15ರ ಹತ್ತಿರ ಇಡಿ. ಸ್ಲ್ಯಾಬ್‌ಗೆ ಜಾಸ್ತಿ ಗಾಳಿ ಬೇಕು. ಒತ್ತು ಕೊಡಬೇಕಾದ ಕಡೆ ಬೋಲ್ಡ್ ಬೇಡ, ಇಟಾಲಿಕ್ ಸಾಕು.

ಕೊನೆಗೆ ಎರಡು ಪುಟ ಮಾತ್ರ ನಿಜವಾದ ಅಳತೆಯಲ್ಲಿ ಪ್ರಿಂಟ್ ತೆಗೆದು, ಕಣ್ಣು ಅರ್ಧ ಮುಚ್ಚಿ ನೋಡಿ. ಪುಟ ಒಂದೇ ಸಮನಾದ ಬೂದು ಬಣ್ಣವಾಗಿ ಕಂಡರೆ ಸರಿಯಾಯಿತು. ಆಗಲೂ ಕಪ್ಪು ಮಚ್ಚೆಗಳು ಕಂಡರೆ ಕಾಗದ ಶಾಯಿ ಹೀರುತ್ತಿರಬಹುದು. ನಿಮ್ಮ ಕಾಗದ ನೋಡದೆ ಅದನ್ನು ಖಚಿತವಾಗಿ ಹೇಳಲಾರೆ. ನುಣುಪಾದ ಕಾಗದದ ಮೇಲೆ ಅದೇ ಪುಟಗಳನ್ನು ಇನ್ನೊಮ್ಮೆ ತೆಗೆದು ಹೋಲಿಸಿ.