ಮಟ್ಟು ಕಟ್ಟಿದವರ ಹೆಸರು ಹೇಳಿ

ಧಾರವಾಡದ ಓದುಗರೊಬ್ಬರು ಬರೆದಿದ್ದಾರೆ: "ಅಬರ್ಡೀನ್‌ನಲ್ಲಿರುವ ನನ್ನ ಮೊಮ್ಮಗಳು ಪಿಟೀಲು ಕಲಿಯುತ್ತಿದ್ದಾಳೆ. ಅವಳು ನುಡಿಸುವ 'ಮಿಸ್ ಅಡ್ಮಿರಲ್ ಗೋರ್ಡನ್ಸ್ ಸ್ಟ್ರಾತ್‌ಸ್ಪೇ' ಎಂಬ ಮಟ್ಟು ನನಗೆ ತುಂಬ ಹಿಡಿಸಿತು. ಅವಳ ಹಾಳೆಯಲ್ಲಿ 'ಸಾಂಪ್ರದಾಯಿಕ' ಎಂದಷ್ಟೇ ಇತ್ತು. ಯಾರದು ಎಂದು ಕೇಳಿದರೆ ಮಗ, 'ಜನಪದ ಸಂಗೀತಕ್ಕೆ ಒಡೆಯರು ಇರೋದಿಲ್ಲಮ್ಮ' ಅಂದ. ಹೌದೇ? ಅಷ್ಟಕ್ಕೂ ಯಾರು ಕಟ್ಟಿದರೇನು, ಕೇಳಲು ಚೆನ್ನಾಗಿದ್ದರೆ ಸಾಕಲ್ವಾ?"

ಯಾರದು ಎಂದು ಕೇಳಿದಿರಲ್ಲ ಅಮ್ಮ, ಅದಕ್ಕೆ ನಿಮಗೆ ನಮಸ್ಕಾರ. ಯಾರು ಕಟ್ಟಿದರೇನು ಎಂದಿರಲ್ಲ, ಅದಕ್ಕೆ ಸ್ವಲ್ಪ ಜಗಳ ಆಡಲೇಬೇಕು.

ಆ ಮಟ್ಟು ವಿಲಿಯಂ ಮಾರ್ಷಲ್‌ನದು. 1748ರಲ್ಲಿ ಸ್ಕಾಟ್ಲೆಂಡಿನ ಈಶಾನ್ಯದ ಫಾಕಬರ್ಸ್ ಎಂಬ ಊರಲ್ಲಿ ಹುಟ್ಟಿದ. ಶಾಲೆಯ ಮುಖ ಕಂಡದ್ದು ಕೆಲವೇ ತಿಂಗಳು. ಗೋರ್ಡನ್ ಡ್ಯೂಕನ ಅರಮನೆಯಲ್ಲಿ ಕೆಲಸಕ್ಕೆ ಸೇರಿ ಬಟ್ಲರ್ ಆದ. ಆಮೇಲೆ ಡ್ಯೂಕನ ಜಮೀನು ನೋಡಿಕೊಳ್ಳುವ ಪಾರುಪತ್ಯಗಾರನೂ ಆದ. ಗಡಿಯಾರ ಮಾಡುತ್ತಿದ್ದ, ಭೂಮಿ ಅಳೆಯುತ್ತಿದ್ದ. ಇಷ್ಟರ ನಡುವೆ ಇನ್ನೂರಕ್ಕೂ ಜಾಸ್ತಿ ಮಟ್ಟು ಕಟ್ಟಿದ. ಇವನ್ನು ನುಡಿಸೋದು ಕಷ್ಟ ಎಂದು ದೂರಿದವರಿಗೆ, ಕೈ ತಪ್ಪುವವರಿಗಾಗಿ ನಾನು ಬರೆಯುವುದಿಲ್ಲ ಎಂದನಂತೆ. ನಿಮ್ಮ ಮೊಮ್ಮಗಳಿಗೆ ಕೈ ಕೂತಿದ್ದರೆ ಅದು ಸಣ್ಣ ಮಾತಲ್ಲ.

ಸ್ಟ್ರಾತ್‌ಸ್ಪೇ ಎಂಬುದು ಸ್ಪೇ ನದಿಯ ಕಣಿವೆಯ ಹೆಸರು ಹೊತ್ತ ಕುಣಿತದ ಮಟ್ಟು. 'ರೀಲ್' ಎಂಬ ಚುರುಕು ಕುಣಿತದ ಮಟ್ಟಿಗಿಂತ ನಿಧಾನ. ಚಿಕ್ಕ ಸ್ವರವೊಂದು ಚಟ್ಟನೆ ಬಂದು ಅದರ ಬೆನ್ನಿಗೇ ಉದ್ದ ಸ್ವರ ನಿಲ್ಲುತ್ತದೆ. ಅದರ ಸೊಗಸೆಲ್ಲ ಕಮಾನು ಹಿಡಿದ ಕೈಯಲ್ಲಿದೆ.

1788ರಲ್ಲಿ ಕವಿ ರಾಬರ್ಟ್ ಬರ್ನ್ಸ್ ಇದೇ ಮಟ್ಟಿಗೆ ಒಂದು ಪ್ರೇಮಗೀತೆ ಬರೆದ. ಆಗ ಆತ ಎಲಿಸ್‌ಲ್ಯಾಂಡ್‌ನಲ್ಲಿ ಹೊಲಮನೆ ಕಟ್ಟಿಸುತ್ತಿದ್ದ. ಹೊಸದಾಗಿ ಕೈಹಿಡಿದ ಜೀನ್ ದೂರದ ಮಾಕ್ಲಿನ್‌ನಲ್ಲಿದ್ದಳು. ಅವಳಿರುವ ದಿಕ್ಕಿನಿಂದ ಬೀಸುವ ಪಡುವಣ ಗಾಳಿಯೇ ನನಗೆ ಇಷ್ಟ ಎನ್ನುತ್ತದೆ ಹಾಡು. 1790ರಲ್ಲಿ ಅದು ಅಚ್ಚಾಯಿತು. ಆ ಹಾಡಿನ ಬಗ್ಗೆ ಬರ್ನ್ಸ್ ಬರೆದಿಟ್ಟ ಟಿಪ್ಪಣಿಯಲ್ಲಿ ಮೊದಲು ಹೇಳುವುದೇ ಮಟ್ಟು ಮಾರ್ಷಲ್‌ನದು ಎಂದು. ಹೆಂಡತಿಗಾಗಿ ಬರೆದೆ ಎಂಬುದು ಆಮೇಲೆ. ನನಗೆ ಬರ್ನ್ಸ್ ಮೇಲೆ ಪ್ರೀತಿ ಹುಟ್ಟಿದ್ದು ಅವನ ಕವಿತೆಗಳಿಗಿಂತ ಹೆಚ್ಚಾಗಿ ಈ ಒಂದು ಟಿಪ್ಪಣಿಯಿಂದ.

ಎಲ್ಲರೂ ಹಾಗಿರಲಿಲ್ಲ. 1822ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಮಾರ್ಷಲ್‌ನ ದೊಡ್ಡ ಸಂಗ್ರಹ ಹೊರಬಂತು. ಅದರ ಆರಂಭದಲ್ಲೇ ಅವನ ನೋವು ಅಚ್ಚಾಗಿದೆ. ನನ್ನ ಮಟ್ಟುಗಳನ್ನು ಬೇರೆಯವರು ಅಚ್ಚು ಹಾಕಿದ್ದಕ್ಕೆ ಸಿಟ್ಟಿಲ್ಲ. ನನ್ನ ಹೆಸರು ಬಿಟ್ಟರು, ಮಟ್ಟಿನ ಹೆಸರನ್ನೂ ಬದಲಿಸಿದರು, ಜನ ಅವು ಅವರವೇ ಎಂದುಕೊಂಡರು, ದೂರು ಅಷ್ಟೇ. ಇದು ಅವನ ಮಾತಿನ ಸಾರ. ಯಾರೆಂದು ಆತ ಹೆಸರೆತ್ತಲಿಲ್ಲ. ಆ ಶತಮಾನದ ಕೊನೆಗೆ ಜಾನ್ ಗ್ಲೆನ್ ಎಂಬ ಸಂಗ್ರಾಹಕ ಹಳೆಯ ಪುಸ್ತಕಗಳನ್ನು ಹೋಲಿಸಿ ನೋಡಿ, ನೀಲ್ ಗೌ ಮತ್ತು ಅವನ ಮಗ ನತಾನಿಯಲ್‌ರ ಕಡೆಗೇ ಬೆರಳು ತೋರಿಸಿದ. ನೀಲ್ ಗೌ ಮಹಾ ವಾದಕ, ಅದರಲ್ಲಿ ಎರಡು ಮಾತಿಲ್ಲ. ಮಗನಿಗೆ ಎಡಿನ್‌ಬರೋದಲ್ಲಿ ಸಂಗೀತ ಪ್ರಕಾಶನದ ವ್ಯವಹಾರವಿತ್ತು. ಅಚ್ಚುಮನೆ ಕೈಯಲ್ಲಿದ್ದವರ ಹೆಸರು ಮನೆಮನೆ ತಲುಪಿತು. ಮಾರ್ಷಲ್ ದೂರದ ಊರಲ್ಲಿ ಯಜಮಾನನ ಮನೆವಾರ್ತೆ ನೋಡುತ್ತಿದ್ದ.

ನಿಮ್ಮ ಮಗ ಹೇಳಿದ್ದರಲ್ಲೂ ಸತ್ಯವಿದೆ. ಎಷ್ಟೋ ಮಟ್ಟುಗಳು ಕಿವಿಯಿಂದ ಕಿವಿಗೆ ಹೋಗುತ್ತಾ ರೂಪ ಬದಲಿಸಿವೆ, ಮೂಲ ಹುಡುಕಿದರೂ ಸಿಗದು. ಇದೇ ಮಟ್ಟಿನಲ್ಲಿ ಅದಕ್ಕಿಂತ ಹಳೆಯ ಹಾಡಿನ ಛಾಯೆ ಕಂಡವರೂ ಇದ್ದಾರೆ. ಇರಲಿ. ಆದರೆ ಹುಡುಕಿ ಸಿಗದಿರುವುದು ಬೇರೆ, ಹುಡುಕದೇ 'ಸಾಂಪ್ರದಾಯಿಕ' ಎಂದು ಮುದ್ರೆ ಒತ್ತುವುದು ಬೇರೆ.

ನಮ್ಮ ವಚನಕಾರರು, ದಾಸರು ಜಾಣರು. ಹಾಡಿನೊಳಗೇ ಅಂಕಿತ ಇಟ್ಟರು. 'ಕೂಡಲಸಂಗಮದೇವ' ಎಂದ ಕೂಡಲೇ ಬಸವಣ್ಣ, 'ಪುರಂದರವಿಠಲ' ಎಂದರೆ ಪುರಂದರದಾಸರು. ಎಂಟುನೂರು ವರ್ಷವಾದರೂ ವಚನಕಾರರ ಹೆಸರು ಅಳಿಸಿಲ್ಲ. ಆದರೆ ಪಿಟೀಲಿನ ಮಟ್ಟಿಗೆ ಸಾಹಿತ್ಯವಿಲ್ಲ. ಅಂಕಿತ ಎಲ್ಲಿಡಬೇಕು? ಅದನ್ನು ನುಡಿಸುವವರ ಬಾಯೇ ಹೇಳಬೇಕು.

ಇನ್ನೂ ಒಂದು ಮಾತು. ಇಂದು ನಾವು ಕೇಳುವ ದೇವರನಾಮಗಳಲ್ಲಿ ಬಹುಪಾಲಿನ ಮಟ್ಟು ದಾಸರದಲ್ಲ, ಮುಂದೆ ಬಂದ ಸಂಗೀತಗಾರರದು. ಅವರ ಹೆಸರು ಯಾರು ಹೇಳುತ್ತಾರೆ? ಸುಗಮ ಸಂಗೀತದ ಸಭೆಯೊಂದಕ್ಕೆ ಹೋಗಿದ್ದೆ. ನಿರೂಪಕಿ ಕವಿಯ ಹೆಸರು ಹೇಳಿದರು, ಗಾಯಕಿಯ ಹೆಸರು ಹೇಳಿದರು, ಪ್ರಾಯೋಜಕರ ಹೆಸರು ಎರಡೆರಡು ಸಲ ಹೇಳಿದರು. ಆ ಹಾಡಿಗೆ ರಾಗ ಸಂಯೋಜಿಸಿದ ಹಿರಿಯರು ಸಭೆಯಲ್ಲೇ ಕೂತಿದ್ದರು. ಯಾರೂ ಅತ್ತ ತಿರುಗಿ ನೋಡಲಿಲ್ಲ. ಹಾಡು ಮುಗಿದಾಗ ಅವರೂ ಎಲ್ಲರ ಜೊತೆ ಚಪ್ಪಾಳೆ ತಟ್ಟಿದರು. ನನಗಂತೂ ಹೊಟ್ಟೆ ಉರಿಯಿತು. ಮೊಬೈಲ್‌ನಲ್ಲಿ ಹರಿದಾಡುವ ಹಾಡುಗಳ ಕಥೆ ಇನ್ನೂ ಕೆಟ್ಟದ್ದು. ಮೊನ್ನೆ ಮೊನ್ನೆ ಕಟ್ಟಿದ್ದಕ್ಕೂ ಸುಮ್ನೆ 'ಜಾನಪದ' ಎಂದು ಬರೆದುಬಿಡುತ್ತಾರೆ. ಹಾಗೆ ಬರೆದರೆ ಯಾರಿಗೂ ಕಾಸು ಕೊಡಬೇಕಿಲ್ಲ, ಯಾರನ್ನೂ ಕೇಳಬೇಕಿಲ್ಲ.

ನಮ್ಮ ಪತ್ರಿಕೆಗೆ ಹಾಡುಗಳ ಬಗ್ಗೆ ಲೇಖನ ಕಳಿಸುವವರೆಲ್ಲ ದಯವಿಟ್ಟು ಗಮನಿಸಿ. ಮುಂದಿನ ಸಂಚಿಕೆಯಿಂದ ಪ್ರತಿ ಹಾಡಿನ ಕೆಳಗೆ ಮಟ್ಟು ಕಟ್ಟಿದವರ ಹೆಸರು ಇರುತ್ತದೆ. ಹುಡುಕಿಯೂ ಸಿಗದಿದ್ದರೆ ಯಾರಿಂದ, ಯಾವ ಊರಲ್ಲಿ ಕಲಿತಿರಿ ಎಂದಾದರೂ ಬರೆಯಿರಿ. ಎರಡೂ ಇಲ್ಲದ ಲೇಖನವನ್ನು ನಿಮಗೇ ವಾಪಸ್ ಕಳಿಸುತ್ತೇವೆ.