ಪಂಢರಪುರಕ್ಕೆ ಹೊರಡುವ ವಾರದಲ್ಲೇ ಎಲ್ಲವೂ ಕೈಕೊಟ್ಟಾಗ

ಆಳಂದದ ಅಣ್ಣನವರಿಗೆ ಶರಣು.

ಕಾರ್ತಿಕ ಏಕಾದಶಿಗೆ ತಾಯಿಯವರನ್ನು ಪಂಢರಪುರಕ್ಕೆ ಕರೆದೊಯ್ಯಲು ನಾಲ್ಕೇ ದಿನ ಉಳಿದಿವೆ. ಬೋರಿನ ಮೋಟಾರು ಸುಟ್ಟಿದೆ, ಹೂವಿಗೆ ಬಂದ ತೊಗರಿಯಲ್ಲಿ ಹುಳು ಕಂಡಿದೆ, ಎಮ್ಮೆ ಈಯುವ ಹಾಗಿದೆ, ಸೊಲ್ಲಾಪುರದ ರೈಲು ಟಿಕೆಟ್ ಇನ್ನೂ ವೇಟಿಂಗ್‌ನಲ್ಲಿದೆ, ಯಾತ್ರೆಯನ್ನೇ ಬಿಡಲೇ ಎಂದು ಕೇಳಿದ್ದೀರಿ. ಈಗಲೇ ಬಿಡಬೇಡಿ. ನೀವು ಹೇಳಿದ ನಾಲ್ಕರಲ್ಲಿ ನಿಮ್ಮನ್ನು ನಿಜವಾಗಿ ತಡೆಯಬಲ್ಲದ್ದು ಎಮ್ಮೆ ಒಂದೇ. ಆದ್ದರಿಂದ ಇವತ್ತು ಮೊದಲು ಕೊಟ್ಟಿಗೆಗೆ ಹೋಗಿ.

ಕೃತಕ ಗರ್ಭಧಾರಣೆ ಮಾಡಿಸಿದ ಚೀಟಿ ಇದ್ದರೆ ಆ ತಾರೀಖಿನಿಂದ ದಿನ ಎಣಿಸಿ. ಆಕಳಿಗೆ ಸುಮಾರು 280 ದಿನವಾದರೆ ಎಮ್ಮೆಗೆ ಸುಮಾರು 310 ದಿನ ಬೇಕು. ಆಕಳ ಲೆಕ್ಕವನ್ನು ಎಮ್ಮೆಗೆ ಹಾಕಿ ಒಂದು ತಿಂಗಳು ಮೊದಲೇ ಗಾಬರಿಯಾದವರನ್ನು ನಾನು ನೋಡಿದ್ದೇನೆ. ಚೀಟಿ ಇಲ್ಲದಿದ್ದರೆ ಬಾಲದ ಬುಡದ ಎರಡೂ ಬದಿಗೆ ಬೆರಳಿಟ್ಟು ಒತ್ತಿ ನೋಡಿ. ಹಗ್ಗದಂತೆ ಬಿಗಿಯಾಗಿದ್ದ ಭಾಗ ಸಡಿಲಗೊಂಡು ತಗ್ಗು ಬಿದ್ದಿದ್ದರೆ, ಕೆಚ್ಚಲು ತುಂಬಿ ತೊಟ್ಟುಗಳು ಬಿಗಿದುಕೊಂಡಿದ್ದರೆ, ಒಂದೆರಡು ದಿನದಲ್ಲಿ ಈಯುತ್ತದೆ ಎಂದೇ ತಿಳಿಯಿರಿ. ಹಾಗಿದ್ದರೆ ಹಿಂದೆ ಈಯಿಸಿ ಗೊತ್ತಿರುವ ಒಬ್ಬರು ಮನೆಯಲ್ಲಿ ಉಳಿಯಲೇಬೇಕು. ಉಳಿಯುವವರಿಗೆ ಎರಡು ಮಾತು ಹೇಳಿ ಹೋಗಿ: ಮಾಸು (ಕರು ಹುಟ್ಟಿದ ಮೇಲೆ ಹೊರಬೀಳುವ ಗರ್ಭದ ಚೀಲ) ಬೀಳುವವರೆಗೆ ಕಾಯದೆ ಒಂದೆರಡು ತಾಸಿನೊಳಗೆ ಕರುವಿಗೆ ಗಿಣ್ಣದ ಹಾಲು ಕುಡಿಸಬೇಕು, ಹನ್ನೆರಡು ತಾಸು ಕಳೆದರೂ ಮಾಸು ಬೀಳದಿದ್ದರೆ ತಾವೇ ಎಳೆಯದೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಬೇಕು.

ತೊಗರಿಯ ವಿಷಯದಲ್ಲಿ ಹುಳು ಕಂಡಿತು ಎಂದಷ್ಟೇ ಬರೆದಿದ್ದೀರಿ, ಎಷ್ಟು ಎಂದು ಬರೆದಿಲ್ಲ. ನಾಳೆ ಬೆಳಿಗ್ಗೆ ಹೊಲದ ನಾಲ್ಕು ಮೂಲೆ ಮತ್ತು ನಡುವೆ ಒಟ್ಟು ಇಪ್ಪತ್ತು ಗಿಡಗಳ ಕೆಳಗೆ ತಾಡಪತ್ರಿ ಹಾಸಿ, ಗಿಡವನ್ನು ಮೆಲ್ಲಗೆ ಅಲ್ಲಾಡಿಸಿ ಉದುರಿದ ಹುಳುಗಳನ್ನು ಎಣಿಸಿ. ನಮ್ಮ ಹಿರಿಯರು ಔಷಧವಿಲ್ಲದ ಕಾಲದಲ್ಲಿ ಹೀಗೆಯೇ ಹುಳು ಉದುರಿಸಿ ನಾಶ ಮಾಡುತ್ತಿದ್ದರು. ಗಿಡಕ್ಕೆ ಸರಾಸರಿ ಒಂದು ಹುಳು ಸಿಕ್ಕರೆ ಹೊರಡುವ ಮೊದಲೇ ಸಿಂಪಡಿಸಬೇಕು. ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ ಎಂಬ ಕೀಟನಾಶಕವಾದರೆ ಲೀಟರ್ ನೀರಿಗೆ 0.2 ಗ್ರಾಂ ಸಾಕು, ಸಂಜೆ ಹೊತ್ತು ಹೊಡೆಯುವುದು ಒಳ್ಳೆಯದು. ಅದಕ್ಕಿಂತ ಬಹಳ ಕಡಿಮೆಯಿದ್ದರೆ ಎಕರೆಗೆ ಎರಡರಂತೆ ಮೋಹಕ ಬಲೆ (ವಾಸನೆಯಿಂದ ಗಂಡು ಪತಂಗಗಳನ್ನು ಸೆಳೆದು ಹಿಡಿಯುವ ಬಲೆ) ಕಟ್ಟಿ, ನಿಶ್ಚಿಂತೆಯಿಂದ ಹೋಗಿ ಬಂದು ಮತ್ತೆ ಎಣಿಸಿ.

ಮೋಟಾರನ್ನು ಈ ವಾರ ಮುಟ್ಟಲೇಬೇಡಿ. ಮೇಲೆತ್ತಿ ವೈಂಡಿಂಗ್ ಮಾಡಿಸಿ ಮತ್ತೆ ಇಳಿಸುವಷ್ಟರಲ್ಲಿ ನಿಮ್ಮ ನಾಲ್ಕು ದಿನವೂ ಅದರಲ್ಲೇ ಮುಗಿಯುತ್ತವೆ. ಮಳೆಯಾಶ್ರಿತ ತೊಗರಿಗೆ ಅದರ ಅಗತ್ಯವಿಲ್ಲ. ದನಕರುಗಳಿಗೆ ಮಾತ್ರ ನೀರು ಬೇಕು. ಎಮ್ಮೆಯೊಂದಕ್ಕೆ ದಿನಕ್ಕೆ 50-60 ಲೀಟರ್ ಹಿಡಿದು ಟ್ಯಾಂಕರಿನಿಂದ ಡ್ರಮ್ಮುಗಳನ್ನು ತುಂಬಿಸಿಡಿ. ಸ್ಟಾರ್ಟರಿನ ಫ್ಯೂಜು ತೆಗೆದಿಡುವುದನ್ನು ಮರೆಯಬೇಡಿ.

ಟಿಕೆಟ್ಟಿನದು ಚಿಂತೆಯೇ ಅಲ್ಲ. ಆನ್‌ಲೈನಿನಲ್ಲಿ ಪಡೆದ ಟಿಕೆಟ್ ಚಾರ್ಟ್ ಆದ ಮೇಲೂ ಪೂರ್ತಿ ವೇಟಿಂಗ್‌ನಲ್ಲಿದ್ದರೆ ತಾನಾಗಿ ರದ್ದಾಗಿ ಹಣ ಖಾತೆಗೆ ಮರಳುತ್ತದೆ. ಕೌಂಟರಿನದಾದರೆ ರೈಲು ಹೊರಡುವ ಅರ್ಧ ಗಂಟೆ ಮೊದಲೇ ರದ್ದು ಮಾಡಿಸಬೇಕು. ಜಾತ್ರೆಯ ಗದ್ದಲದಲ್ಲಿ ತಾಯಿಯವರನ್ನು ಜನರಲ್ ಬೋಗಿಗೆ ಹತ್ತಿಸುವುದಕ್ಕಿಂತ, ಬಸ್ಸು ಹೊರಡುವ ನಿಲ್ದಾಣದಲ್ಲೇ ಸೀಟು ಹಿಡಿದು ಸೊಲ್ಲಾಪುರಕ್ಕೆ ಹೋಗುವುದು ಸುಖ. ಅಲ್ಲಿಂದ ಪಂಢರಪುರ ಸುಮಾರು 70 ಕಿಲೋಮೀಟರ್.

ಇನ್ನೊಂದು ಮಾತನ್ನು ತಾಯಿಯವರ ಬಳಿಯೇ ಕೇಳಿ: ಏಕಾದಶಿಯ ದಿನವೇ ಆಗಬೇಕೆಂಬ ಹರಕೆಯೇನಾದರೂ ಇದೆಯೇ? ಇಲ್ಲದಿದ್ದರೆ ಹುಣ್ಣಿಮೆ ಕಳೆದ ಮೇಲೆ ಹೋಗಿ. ಏಕಾದಶಿಯಂದು ವಿಠ್ಠಲನ ಪಾದ ಮುಟ್ಟುವ ಪಾದದರ್ಶನದ ಸಾಲಿನಲ್ಲಿ ಬಹಳ ಹೊತ್ತು ನಿಲ್ಲಬೇಕಾಗುತ್ತದೆ, ವಯಸ್ಸಾದವರ ಮೊಣಕಾಲು ಅದನ್ನು ತಡೆಯದು. ಅದೇ ದಿನ ಬೇಕೆಂದರೆ ಚಂದ್ರಭಾಗಾ ನದಿಯಲ್ಲಿ ಸ್ನಾನ ಮಾಡಿಸಿ, ದೂರದಿಂದಲೇ ಮುಖದರ್ಶನ ಅಥವಾ ನಾಮದೇವರ ಪಾಯರಿ (ಗುಡಿಯ ಬಾಗಿಲ ಮೆಟ್ಟಿಲು) ಮತ್ತು ಶಿಖರದ ದರ್ಶನ ಮಾಡಿಸಿ. ಅಷ್ಟಕ್ಕೇ ತೃಪ್ತರಾಗಿ ಮರಳುವ ವಾರಕರಿಗಳು (ವಿಠ್ಠಲನ ಭಕ್ತರು) ಬಹಳ ಮಂದಿ ಇದ್ದಾರೆ.

ಇಷ್ಟೆಲ್ಲ ಬರೆಯಲು ಕಾರಣವಿದೆ. ಒಂದು ಯುಗಾದಿಗೆ ನಾವು ಶ್ರೀಶೈಲಕ್ಕೆ ಹೊರಟಾಗ ನಾನು ಹೊರಡುವ ರಾತ್ರಿಯವರೆಗೂ ಪೈಪಿನ ರಿಪೇರಿಯಲ್ಲೇ ಇದ್ದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಚೀಲದಲ್ಲಿತ್ತು. ನಮ್ಮ ಅವ್ವನ ಬಿಪಿ ಮಾತ್ರೆ ಮಾತ್ರ ಅಡುಗೆಮನೆಯ ಗೂಡಿನಲ್ಲೇ ಉಳಿದಿತ್ತು. ರಾಯಚೂರು ದಾಟಿದ ಮೇಲೆ ನೆನಪಾಯಿತು, ಮಾತ್ರೆಯ ಹೆಸರು ಯಾರಿಗೂ ಬರುತ್ತಿರಲಿಲ್ಲ. ಆ ರಾತ್ರಿಯಿಡೀ ಅವ್ವನ ಕೈ ಹಿಡಿದು ಕುಳಿತಿದ್ದೆ. ಅದಕ್ಕೇ ಹೇಳುತ್ತೇನೆ, ತಾಯಿಯವರ ಮಾತ್ರೆಗಳನ್ನು ಎರಡು ದಿನದ್ದು ಹೆಚ್ಚಾಗಿ ಇವತ್ತೇ ಕಟ್ಟಿಡಿ, ವೈದ್ಯರ ಚೀಟಿಯ ಫೋಟೋ ತೆಗೆದುಕೊಳ್ಳಿ.

ಎಮ್ಮೆಯ ದಿನದ ಲೆಕ್ಕವನ್ನೂ, ಇಪ್ಪತ್ತು ಗಿಡದಲ್ಲಿ ಸಿಕ್ಕ ಹುಳುವಿನ ಲೆಕ್ಕವನ್ನೂ ನಾಳೆ ಮಧ್ಯಾಹ್ನದೊಳಗೆ ಇಲ್ಲಿ ಬರೆಯಿರಿ. ಸಿಂಪಡಿಸಬೇಕಾಗಿ ಬಂದರೆ ನನ್ನ ಪವರ್ ಸ್ಪ್ರೇಯರ್ ಖಾಲಿಯಿದೆ, ಒಂದು ಫೋನ್ ಮಾಡಿದರೆ ಸಂಜೆಯೊಳಗೆ ತಲುಪಿಸುತ್ತೇನೆ.