ಪುಡಿಯಾದರೆ ಹಗುರವಾಯಿತೇ? ಚಾರಣದ ಚೀಲಕ್ಕೆ ಕಡಲೆಬೀಜ

ಚಾರಣದ ಊಟ-ತಿಂಡಿಯ ಬಗ್ಗೆ ಮೈಸೂರು, ಮಂಡ್ಯ ಕಡೆಯ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಈ ಬಾರಿ ಪೀನಟ್ ಬಟರ್ ಪೌಡರ್‌ ಕುರಿತವೇ ಹೆಚ್ಚು. ಒಂದೇ ಥರದವನ್ನು ಸೇರಿಸಿ ಉತ್ತರಿಸಿದ್ದೇವೆ.

ಉತ್ತರಾಖಂಡದಲ್ಲಿ ಆರು ದಿನದ ಚಾರಣಕ್ಕೆ ಹೊರಟಿದ್ದೇವೆ, ಅಡುಗೆ ನಮ್ಮದೇ. ಪೀನಟ್ ಬಟರ್ ಡಬ್ಬಿ ಭಾರ. ಪೌಡರ್ ಆದರೆ ಅರ್ಧಕ್ಕಿಂತ ಕಡಿಮೆ ತೂಗುತ್ತದೆ ಅನ್ನುತ್ತಾರೆ. ಡಬ್ಬಿ ಬಿಟ್ಟು ಪೌಡರ್ ಒಯ್ಯಬಹುದೆ?
— ವಿಜಯನಗರ, ಮೈಸೂರು

ಒಯ್ಯಬಹುದು. ಆದರೆ ಅದು ಹಗುರವಾದದ್ದು ಹೇಗೆ ಅನ್ನುವುದು ಗೊತ್ತಿರಲಿ. ಹಾಲಿನ ಪುಡಿಯಲ್ಲಿ ಹೋಗಿರುವುದು ನೀರು. ನೀರು ದಾರಿಯಲ್ಲಿ ಸಿಗುತ್ತದೆ, ಬೆರೆಸಿದರೆ ಮತ್ತೆ ಹಾಲು. ಪೀನಟ್ ಬಟರ್‌ನಲ್ಲಿ ತೆಗೆಯುವುದಕ್ಕೆ ನೀರೇ ಇಲ್ಲ. ಹುರಿದ ಕಡಲೆಬೀಜವನ್ನು ಯಂತ್ರದಲ್ಲಿ ಒತ್ತಿ, ಎಣ್ಣೆಯ ಬಹುಪಾಲು ಹಿಂಡಿ ತೆಗೆದು, ಉಳಿದದ್ದನ್ನು ನುಣ್ಣಗೆ ಪುಡಿ ಮಾಡುತ್ತಾರೆ. ಕಡಲೆಬೀಜದ ತೂಕದಲ್ಲಿ ಹತ್ತಿರಹತ್ತಿರ ಅರ್ಧ ಎಣ್ಣೆ. ನಿಮ್ಮ ಚೀಲದಿಂದ ಇಳಿದದ್ದು ಆ ಎಣ್ಣೆ. ಬೆಟ್ಟ ಹತ್ತುವವರಿಗೆ ಕಸುವು ಕೊಡುವುದೂ ಅದೇ.

ಲೆಕ್ಕ ಹಾಕಿ ನೋಡಿ. 100 ಗ್ರಾಂ ಪೀನಟ್ ಬಟರ್‌ನಲ್ಲಿ ಸುಮಾರು 590 ಕ್ಯಾಲೊರಿ, ಅಷ್ಟೇ ಪೌಡರ್‌ನಲ್ಲಿ 400ರಿಂದ 450. ಒಬ್ಬರಿಗೆ ದಿನಕ್ಕೆ ನಾಲ್ಕು ದೊಡ್ಡ ಚಮಚ ಅಂದುಕೊಂಡರೆ ಆರು ದಿನಕ್ಕೆ ಬಟರ್ 380 ಗ್ರಾಂ, ಪೌಡರ್ 150 ಗ್ರಾಂ. ಉಳಿತಾಯ 230 ಗ್ರಾಂ, ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಬಟರ್ ಕೊಡುತ್ತಿದ್ದ 2,200 ಚಿಲ್ಲರೆ ಕ್ಯಾಲೊರಿಯಲ್ಲಿ ಪೌಡರ್ ಕೊಡುವುದು 600-675. ಕೊರತೆ ಬಿದ್ದ ಸುಮಾರು 1,600 ಕ್ಯಾಲೊರಿಯನ್ನು ತುಪ್ಪ, ಎಣ್ಣೆಯಿಂದ ತುಂಬಲು 180 ಗ್ರಾಂ ಬೇಕು. ಅಲ್ಲಿಗೆ 230 ಹೋಗಿ 50 ಉಳಿಯಿತು. ಎಣ್ಣೆಯ ಬಾಟಲಿ ಅದನ್ನೂ ತಿನ್ನುತ್ತದೆ.

ಹಾಗಾದರೆ ಪೌಡರ್ ಯಾತಕ್ಕೆ? ಪ್ರೋಟೀನ್‌ಗೆ, ರುಚಿಗೆ, ಕೈಗೆ ಅಂಟದ ಅನುಕೂಲಕ್ಕೆ. ತೂಕದ ಲೆಕ್ಕದಲ್ಲಿ ಪೌಡರ್‌ನ ಪ್ರೋಟೀನ್ ಬಟರ್‌ಗಿಂತ ಹತ್ತಿರಹತ್ತಿರ ಎರಡು ಪಟ್ಟು. ಮುಂಜಾನೆಯ ಚಳಿಗೆ ಬಟರ್ ಗಟ್ಟಿಯಾಗಿ ಚಮಚ ಬಗ್ಗಿಸುತ್ತದೆ. ಆ ಜಿಡ್ಡನ್ನು ಕೊರೆಯುವ ನೀರಿನಲ್ಲಿ ತೊಳೆಯುವ ಕಷ್ಟ ಪೌಡರ್‌ನಲ್ಲಿಲ್ಲ. ಹೇಗೂ ಅಡುಗೆಗೆ ತುಪ್ಪ ಒಯ್ಯುತ್ತೀರಿ, ಅದನ್ನೇ ಇದಕ್ಕೂ ಒಂದು ಚಮಚ ಬೆರೆಸಿಕೊಳ್ಳಿ. ನಮ್ಮ ಸಲಹೆ: ಒಬ್ಬರಿಗೆ 100ರಿಂದ 150 ಗ್ರಾಂ ಪೌಡರ್, ಕಸುವಿಗೆ ಹುರಿದ ಕಡಲೆಬೀಜ, ಕಡಲೆಮಿಠಾಯಿ, 150 ಗ್ರಾಂ ತುಪ್ಪ. ತುಪ್ಪಕ್ಕೆ ಅಗಲ ಬಾಯಿಯ ಡಬ್ಬಿಯೇ ಇರಲಿ, ಅಲ್ಲಿ ಅದು ಕಲ್ಲಾಗುತ್ತದೆ, ಚಮಚದಲ್ಲಿ ಕೆರೆಯಬೇಕು. ಕೊಬ್ಬರಿ ಎಣ್ಣೆಯ ಪಾಡೂ ಅದೇ.

ಕೊಳ್ಳುವಾಗ ಪೊಟ್ಟಣದ ಹಿಂಬದಿ ಓದಿ. ಕೆಲವಕ್ಕೆ ಸಕ್ಕರೆ, ಉಪ್ಪು ಬೆರೆಸಿರುತ್ತಾರೆ. ಬರೀ ಹುರಿದ ಕಡಲೆಬೀಜದ್ದಾದರೆ ಸಿಹಿಗೂ ಆಗುತ್ತದೆ, ಸಾರಿಗೂ ಆಗುತ್ತದೆ.

ನಮ್ಮೂರಿನ ಗಾಣದಲ್ಲಿ ಕಡಲೆಕಾಯಿ ಹಿಂಡಿ ಕಡಿಮೆ ಬೆಲೆಗೆ ಸಿಗುತ್ತದೆ. ಅದೂ ಎಣ್ಣೆ ತೆಗೆದ ಕಡಲೆಬೀಜವೇ ತಾನೆ? ಪುಡಿ ಮಾಡಿಕೊಂಡರೆ ಆಗದೆ?
— ಮದ್ದೂರು

ದಯವಿಟ್ಟು ಬೇಡ. ತತ್ವ ಒಂದೇ ಆದರೂ ಪದಾರ್ಥ ಒಂದಲ್ಲ. ದನಕ್ಕೆ ಹೋಗುವ ಹಿಂಡಿಯ ಬೀಜವನ್ನು ಯಾರೂ ಒಂದೊಂದಾಗಿ ಆರಿಸಿರುವುದಿಲ್ಲ. ಮುರುಟಿದ್ದು, ಬೂಷ್ಟು ಹಿಡಿದದ್ದು, ಸಿಪ್ಪೆ, ಮಣ್ಣು ಎಲ್ಲವೂ ಒಳಗೆ. ಗಾಣದಲ್ಲಿ ಅರೆಯುವಾಗ ನೀರು ಚಿಮುಕಿಸುವುದೂ ಉಂಟು. ಆ ತೇವಕ್ಕೆ ಹಿಂಡಿ ಬೇಗ ಬೂಷ್ಟು ಕಟ್ಟುತ್ತದೆ.

ಭಯಪಡಬೇಕಾದದ್ದು ಅಫ್ಲಾಟಾಕ್ಸಿನ್‌ಗೆ. ಕಡಲೆಕಾಯಿಗೆ ತಗಲುವ ಒಂದು ಬಗೆಯ ಬೂಷ್ಟು ಉಂಟುಮಾಡುವ ವಿಷ ಇದು, ಪಿತ್ತಜನಕಾಂಗಕ್ಕೆ ಹಾನಿ. ಬೀಜ ಹಿಂಡಿದಾಗ ಈ ವಿಷ ಎಣ್ಣೆಯ ಜೊತೆ ಹೆಚ್ಚು ಹೋಗದೆ ಹಿಂಡಿಯಲ್ಲೇ ಉಳಿಯುತ್ತದೆ. ಹುರಿದರೂ ಕುದಿಸಿದರೂ ಪೂರ್ತಿ ಹೋಗುವುದಿಲ್ಲ.

ಎಣ್ಣೆ ತೆಗೆದ ಕಡಲೆಕಾಯಿಯನ್ನು ಮನುಷ್ಯರ ಆಹಾರವಾಗಿ ಮಾಡುವ ಕೆಲಸ ಮೈಸೂರಿಗೆ ಹೊಸದೇನೂ ಅಲ್ಲ. 1950ರಲ್ಲಿ ಇಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ರೂಪಿಸಿದ ‘ಇಂಡಿಯನ್ ಮಲ್ಟಿಪರ್ಪಸ್ ಫುಡ್‌’ನಲ್ಲಿ ಮುಕ್ಕಾಲು ಪಾಲು ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು, ಕಾಲು ಪಾಲು ಕಡಲೆಹಿಟ್ಟು ಇತ್ತು, ಮೇಲೆ ಜೀವಸತ್ವಗಳು. ಆ ಹಿಟ್ಟಿಗೆ ಬೇಕಾದದ್ದು ಆರಿಸಿದ, ಶುದ್ಧವಾದ ಬೀಜ. ಹಿಂಡಿಗೂ ಅದಕ್ಕೂ ಇರುವ ಅಂತರವೇ ಅದು.

ಮನೆಯಲ್ಲೇ ಪುಡಿ ಮಾಡಲು ಹೋದರೆ ಮಿಕ್ಸಿಯಲ್ಲಿ ಪ್ರತಿ ಸಲವೂ ಮುದ್ದೆಯಾಗುತ್ತದೆ. ಎಲ್ಲಿ ತಪ್ಪುತ್ತಿದೆ?
— ಪಾಂಡವಪುರ

ಎರಡು ಕಡೆ ತಪ್ಪುತ್ತಿರಬಹುದು: ಬೀಜ ಬಿಸಿಯಿದ್ದಾಗಲೇ ಹಾಕಿದ್ದು, ಮಿಕ್ಸಿಯನ್ನು ಬಿಡದೆ ತಿರುಗಿಸಿದ್ದು. ಎಣ್ಣೆ ಬೀಜದ ಕಣಗಳ ಒಳಗೆ ಇರುತ್ತದೆ. ಬ್ಲೇಡು ಕಣ ಒಡೆಯುತ್ತದೆ, ಅದರ ಬಿಸಿಗೆ ಎಣ್ಣೆ ತೆಳುವಾಗಿ ಹೊರಗೆ ಬರುತ್ತದೆ. ಇನ್ನೆರಡು ಸುತ್ತು ತಿರುಗಿಸಿದರೆ ಅದೇ ಪೀನಟ್ ಬಟರ್. ಅಂಗಡಿಯ ಪೌಡರ್‌ನಷ್ಟು ಎಣ್ಣೆ ತೆಗೆಯುವುದು ಮನೆಯಲ್ಲಿ ಆಗದ ಕೆಲಸ, ಬಟ್ಟೆಯಲ್ಲಿ ಕಟ್ಟಿ ಹಿಂಡಿದರೂ ನಾಲ್ಕು ಹನಿ ಬಂದೀತು. ಚಾರಣಕ್ಕೆ ಎಣ್ಣೆ ಇರುವುದೇ ಒಳ್ಳೆಯದು, ಅದನ್ನು ತೆಗೆಯುವ ಯೋಚನೆ ಬಿಡಿ. ಪುಡಿ ಉದುರಾಗಿ ಬಂದರೆ ಸಾಕು.

ಕಾಲು ಕೆಜಿ ಕಡಲೆಬೀಜ ಆರಿಸಿ, ಬಣ್ಣಗೆಟ್ಟದ್ದು, ಮುರುಟಿದ್ದು ಎಸೆಯಿರಿ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ 12ರಿಂದ 15 ನಿಮಿಷ, ಕೈ ಬಿಡದೆ ಹುರಿಯಿರಿ. ಉರಿ ಜೋರಾದರೆ ಮೇಲೆ ಸೀದು ಒಳಗೆ ಹಸಿ ಉಳಿಯುತ್ತದೆ, ಹಸಿ ಉಳಿದ ಬೀಜದಲ್ಲಿ ತೇವ ಇರುವುದರಿಂದ ಪುಡಿ ಬೇಗ ಕೆಡುತ್ತದೆ. ಒಂದು ಬೀಜವನ್ನು ಎರಡು ಹೋಳು ಮಾಡಿ ನೋಡಿ: ಒಳಮೈ ಬಿಳಿ ಹೋಗಿ ತಿಳಿ ಕಂದು ಬಂದಿರಬೇಕು, ಕಚ್ಚಿದರೆ ಕಟುಂ ಅನ್ನಬೇಕು. ಮೊರಕ್ಕೆ ಸುರಿದು ಪೂರ್ತಿ ಆರಿಸಿ, ಅಂಗೈಯಲ್ಲಿ ಉಜ್ಜಿ, ಸಿಪ್ಪೆ ಕೇರಿ ತೆಗೆಯಿರಿ.

ಈಗ ಗುಟ್ಟು ಹುರಿಗಡಲೆಯಲ್ಲಿದೆ. 75 ಗ್ರಾಂ ಹುರಿಗಡಲೆಯನ್ನು ಒಂದು ಚಮಚ ಉಪ್ಪಿನ ಜೊತೆ ಮೊದಲು ನುಣ್ಣಗೆ ಪುಡಿ ಮಾಡಿಡಿ. ಹೊರಬರುವ ಎಣ್ಣೆಯನ್ನು ಹೀರುವುದು ಇದೇ. ಜಾರಿನ ಮೂರನೇ ಒಂದು ಭಾಗ ಮಾತ್ರ ತುಂಬುವಂತೆ ಬೀಜವನ್ನೂ ಆ ಹಿಟ್ಟನ್ನೂ ಸೇರಿಸಿ, ಎರಡು-ಮೂರು ಸೆಕೆಂಡು ತಿರುಗಿಸಿ ನಿಲ್ಲಿಸಿ, ಮುಚ್ಚಳ ತೆಗೆದು ಚಮಚದಲ್ಲಿ ಬದಿ ಕೆದಕಿ, ಮತ್ತೆ ತಿರುಗಿಸಿ. ಐದಾರು ಸಲ ಸಾಕು. ಬ್ಲೇಡಿನ ಬುಡದಲ್ಲಿ ಪುಡಿ ಬಳೆಯ ಹಾಗೆ ಜಾರಿಗೆ ಕಚ್ಚಿಕೊಳ್ಳಲು ಶುರುವಾದ ಕ್ಷಣವೇ ನಿಲ್ಲಿಸಿ, ಅದರಾಚೆ ಮುದ್ದೆಯೇ. ಜರಡಿ ಹಿಡಿದು, ಮೇಲೆ ಉಳಿದ ತರಿಯನ್ನು ಮುಂದಿನ ಸಲಕ್ಕೆ ಸೇರಿಸಿ. 300 ಗ್ರಾಂ ಮೇಲೆ ಪುಡಿ ಬರುತ್ತದೆ, 100 ಗ್ರಾಂಗೆ ಸುಮಾರು 530 ಕ್ಯಾಲೊರಿ. ಅಂಗಡಿಯ ಪೌಡರ್‌ಗಿಂತ ಇದೇ ಹೆಚ್ಚು ಕಸುವಿನದು.

ಖಾರ ಬೇಕಾದರೆ ಗರಿಗರಿಯಾಗಿ ಹುರಿದ ಆರು ಬ್ಯಾಡಗಿ ಮೆಣಸಿನಕಾಯಿಯನ್ನು ಹುರಿಗಡಲೆಯ ಜೊತೆಗೇ ಹಾಕಿ. ಹಸಿ ಬೆಳ್ಳುಳ್ಳಿ, ಬೆಲ್ಲ ಬೇಡ, ಎರಡರಲ್ಲೂ ತೇವವಿದೆ.

ನೀರಿಗೆ ಹಾಕಿದರೆ ಪೌಡರ್ ಗಂಟು ಕಟ್ಟುತ್ತದೆ. ಒಲೆ ಹೊತ್ತಿಸಲು ಬಿಡದ ಕಾಡಿನಲ್ಲಿ ಇದನ್ನು ಹೇಗೆ ತಿನ್ನುವುದು?
— ಮಂಡ್ಯ

ನೀರಿಗೆ ಪುಡಿ ಹಾಕಬೇಡಿ, ಪುಡಿಗೆ ನೀರು ಹಾಕಿ. ಒಟ್ಟಿಗೆ ನೀರು ತಗುಲಿದರೆ ಹೊರಗಿನ ಪದರ ಮೊದಲು ನೆಂದು ಅಂಟಾಗುತ್ತದೆ, ಒಳಗಿನ ಒಣ ಪುಡಿಗೆ ನೀರು ಇಳಿಯುವುದಿಲ್ಲ. ಎರಡು ದೊಡ್ಡ ಚಮಚ, ಅಂದರೆ ಸುಮಾರು 12 ಗ್ರಾಂ ಪೌಡರ್‌ಗೆ ಮೊದಲು ಒಂದು ಚಮಚ ತಣ್ಣೀರು ಹಾಕಿ ಗಟ್ಟಿಯಾಗಿ ಕಲಸಿ, ಮೇಲೆ ಅರ್ಧ ಚಮಚ ಬಿಟ್ಟು ತೆಳು ಮಾಡಿ. ಚಪಾತಿಗೆ ಹಚ್ಚುವ ಹದ ಬರುತ್ತದೆ. ನೂಡಲ್ಸ್, ಸಾರಿಗಾದರೂ ಹೀಗೇ ಕಲಸಿ, ಒಲೆ ಆರಿಸುವ ಒಂದು ನಿಮಿಷ ಮುಂಚೆ ಬಿಡಿ. ಮೊದಲೇ ಹಾಕಿದರೆ ಚಾರಣದ ತೆಳು ಪಾತ್ರೆಯ ತಳ ಹಿಡಿದು ಸೀಯುತ್ತದೆ.

ಒಲೆ ಇಲ್ಲದ ಕಡೆಗೆ ನಮ್ಮ ಕಡೆಯ ತಿಂಡಿಗಳೇ ವಾಸಿ. ತೆಳು ಅವಲಕ್ಕಿ 50 ಗ್ರಾಂ, ಪೌಡರ್ ಎರಡು ಚಮಚ, ಚಿಟಿಕೆ ಉಪ್ಪು ಮನೆಯಲ್ಲೇ ಒಂದು ಪೊಟ್ಟಣ ಕಟ್ಟಿ. ತಿನ್ನುವಾಗ ಅರ್ಧ ಲೋಟ ನೀರು ಚಿಮುಕಿಸಿ ಐದು ನಿಮಿಷ ಬಿಟ್ಟು, ಎರಡು ಚಮಚ ಬೆಲ್ಲದ ಪುಡಿ ಬೆರೆಸಿ. ಇದಕ್ಕಿಂತ ಹೊಟ್ಟೆ ಹಿಡಿಯುವುದು ರಾಗಿ ಹುರಿಹಿಟ್ಟು: 40 ಗ್ರಾಂ ಹುರಿಹಿಟ್ಟು, 15 ಗ್ರಾಂ ಪೌಡರ್, 20 ಗ್ರಾಂ ಬೆಲ್ಲದ ಪುಡಿ, ಒಂದು ಚಮಚ ತುಪ್ಪ. ನೀರನ್ನು ಚಮಚದ ಲೆಕ್ಕದಲ್ಲಿ ಹಾಕಿ ಉಂಡೆ ಕಟ್ಟಿ. ಮಂಡ್ಯದ ಬೆಲ್ಲ ರುಚಿಗೆ ಸರಿಸಾಟಿಯಿಲ್ಲ, ಆದರೆ ತೇವ ಎಳೆದುಕೊಳ್ಳುತ್ತದೆ. ಪುಡಿ ಮಾಡಿ ಬೇರೆ ಪೊಟ್ಟಣದಲ್ಲೇ ಇಡಿ.

ನೀರು ಬೆರೆಸಿದ ಮೇಲೆ ಅದು ಅಡುಗೆಯಷ್ಟೇ ನಾಜೂಕು. ಒಂದೆರಡು ಗಂಟೆಯೊಳಗೆ ತಿಂದು ಮುಗಿಸಿ.

ಜಿಪ್ ಕವರಿನಲ್ಲಿ ತುಂಬಿದ ಪುಡಿ ಬ್ಯಾಗಿನ ತುಂಬ ಚೆಲ್ಲಿತು. ಎಷ್ಟು ದಿನ ಇಡಬಹುದು ಅನ್ನುವುದನ್ನೂ ತಿಳಿಸಿ.
— ಶ್ರೀರಂಗಪಟ್ಟಣ

ಜಿಪ್ಪಿನ ಗೀರಿನಲ್ಲಿ ಪುಡಿ ಕೂತರೆ ಮುಚ್ಚಿದ ಹಾಗೆ ಕಾಣುತ್ತದೆ, ಮುಚ್ಚಿರುವುದಿಲ್ಲ. ಕವರಿನ ಬಾಯನ್ನು ಎರಡು ಇಂಚು ಹೊರಕ್ಕೆ ಮಡಚಿ, ಕಾಗದದ ಲಾಳಿಕೆಯಿಂದ ತುಂಬಿ, ಒಣ ಬಟ್ಟೆಯಲ್ಲಿ ಗೀರು ಒರೆಸಿ, ಗಾಳಿ ಹೊರಗೆ ಒತ್ತಿ ಮುಚ್ಚಿ. ದಿನಕ್ಕೊಂದು 25 ಗ್ರಾಂ ಕವರು ಮಾಡಿ, ಎಲ್ಲವನ್ನೂ ಇನ್ನೊಂದು ದೊಡ್ಡ ಕವರಿಗೆ ಹಾಕಿ. ಒಂದು ಒಡೆದರೂ ಮಿಕ್ಕವು ಉಳಿಯುತ್ತವೆ, ಒದ್ದೆ ಚಮಚ ಎಲ್ಲಕ್ಕೂ ಬೀಳುವುದಿಲ್ಲ. ಖಾಲಿ ಕವರುಗಳನ್ನು ವಾಪಸ್ಸು ತನ್ನಿ.

ಮನೆಯಲ್ಲಿ ಮಾಡಿದ ಪುಡಿ ಗಾಳಿಯಾಡದ ಡಬ್ಬಿಯಲ್ಲಿ ಎರಡು-ಮೂರು ವಾರ. ಇಡೀ ಬೀಜಕ್ಕಿಂತ ಬೇಗ ಕೆಡಲು ಕಾರಣ, ಪುಡಿಯಾದಾಗ ಎಣ್ಣೆಗೆ ಎಲ್ಲ ಕಡೆಯಿಂದ ಗಾಳಿ ತಗಲುತ್ತದೆ. ಹೊರಡುವ ಹಿಂದಿನ ದಿನ ಚಿಟಿಕೆ ಪುಡಿಯನ್ನು ಅಂಗೈಯಲ್ಲಿ ಬಿಸಿಯಾಗುವಷ್ಟು ಉಜ್ಜಿ ಮೂಸಿ. ಹುರಿದ ಘಮ ಬಂದರೆ ಸರಿ. ಕಮಟು ವಾಸನೆ ಬಂದರೆ, ನಾಲಿಗೆಯ ಹಿಂದೆ ಕಹಿ ನಿಂತರೆ ಹೊಸದು ಮಾಡಿ. ಎಣ್ಣೆ ತೆಗೆದ ಪೌಡರ್ ಕಮಟಾಗುವುದು ತಡ. ಅದರ ಶತ್ರು ತೇವ, ಕೊಡಗಿನ ಮಳೆಯಲ್ಲಿ ಕವರು ತೆರೆದಿಟ್ಟರೆ ಗಂಟುಗಂಟು.

ಹತ್ತುತ್ತಲೇ ಪುಡಿಯನ್ನು ಹಾಗೇ ಬಾಯಿಗೆ ಹಾಕಿಕೊಳ್ಳಬಹುದೆ?
— ಹುಣಸೂರು

ಬೇಡ. ಏದುಸಿರಿನಲ್ಲಿ ಒಣ ಪುಡಿ ಉಸಿರಿನ ಜೊತೆ ಒಳಗೆ ಹೋಗಿ ನೆತ್ತಿಗೇರುತ್ತದೆ. ಕೂತು, ಕಲಸಿ, ತಿನ್ನಿ. ಜೊತೆಯವರಲ್ಲಿ ಯಾರಿಗಾದರೂ ಕಡಲೆಕಾಯಿ ಅಲರ್ಜಿ ಇದೆಯೇ ಎಂದು ಹೊರಡುವ ಮೊದಲೇ ಕೇಳಿ. ಇದ್ದರೆ ಪುಡಿ, ಮಿಠಾಯಿ ಯಾವುದೂ ಆ ತಂಡದ ಚೀಲದಲ್ಲಿ ಬೇಡ. ಪಾತ್ರೆ, ಚಮಚ ಎಲ್ಲರಿಗೂ ಒಂದೇ ಆಗಿರುತ್ತವೆ.

ಕುಂತಿಬೆಟ್ಟಕ್ಕೆ ಒಂದು ಬೆಳಗಿನ ಮಟ್ಟಿಗೆ ಹೋಗುತ್ತಿದ್ದೇವೆ. ಪೌಡರ್ ಕೊಳ್ಳಬೇಕೆ?
— ನಂಜನಗೂಡು

ಬೇಕಿಲ್ಲ. ಒಂದು ಹಿಡಿ ಹುರಿದ ಕಡಲೆಬೀಜ, ಎರಡು ತುಂಡು ಬೆಲ್ಲ, ಒಬ್ಬರಿಗೆ ಎರಡು ಲೀಟರ್ ನೀರು. ಬಂಡೆ ಕಾಯುವ ಮೊದಲು ಇಳಿದುಬಿಡಿ.